37ಕ್ಕೆ ಬಿ.ಎಡ್. ಸೇರಬಹುದೇ? – ಓದುಗರ ಸ್ಪಂದನ

ಕಳೆದ ಸಂಚಿಕೆಯ ಸಮಸ್ಯೆ: ಹೊಸನಗರ ತಾಲ್ಲೂಕಿನ ಗೃಹಿಣಿ, ವಯಸ್ಸು 37. ಬಿ.ಎ.ಯಲ್ಲಿ ಇತಿಹಾಸ, ಅರ್ಥಶಾಸ್ತ್ರ, ಕನ್ನಡ ಓದಿದ್ದಾರೆ, ಅಂಕ ಶೇ. 48. ಮನೆಯಲ್ಲಿ ಅಡಿಕೆ ತೋಟವಿದೆ. ಟೀಚರ್ ಆಗುವ ಆಸೆ. ‘ಕಾಲೇಜಿಗೆ ಬರುವುದೇ ಬೇಡ, ಬಿ.ಎಡ್. ಮಾಡಿಸಿಕೊಡುತ್ತೇವೆ’ ಎಂದು ಯಾರೋ ಹೇಳಿದ್ದಾರಂತೆ.

ತಂಗೀ, ವಯಸ್ಸಿಗಿಂತ ಮೊದಲು ಆ ಶೇ. 48 ನೋಡಿಕೊಳ್ಳಿ. ಬಿ.ಎಡ್.ಗೆ ಪದವಿಯಲ್ಲಿ ಶೇ. 50 ಬೇಕು, ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ-1ಕ್ಕೆ ಶೇ. 45 ಸಾಕು. ನೀವು ಆ ವರ್ಗದವರಲ್ಲದಿದ್ದರೂ ದಾರಿ ಮುಚ್ಚಿಲ್ಲ. ಶಿಕ್ಷಕರ ತರಬೇತಿಗೆ ನಿಯಮ ರೂಪಿಸುವ ಕೇಂದ್ರ ಸಂಸ್ಥೆ ಎನ್‌ಸಿಟಿಇಯ ನಿಯಮದಲ್ಲಿ ಪದವಿಯ ಬದಲು ಸ್ನಾತಕೋತ್ತರ ಪದವಿಯ ಶೇ. 50 ಕೂಡ ನಡೆಯುತ್ತದೆ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಕನ್ನಡ ಅಥವಾ ಇತಿಹಾಸ ಎಂ.ಎ.ಯನ್ನು ಮನೆಯಿಂದಲೇ ಓದಬಹುದು. ಎರಡು ವರ್ಷ ಹೆಚ್ಚು ಹಿಡಿಯುತ್ತದೆ, ನಿಜ. ಸರ್ಕಾರಿ ನೇಮಕಾತಿಗೆ ವಯೋಮಿತಿ ಇರುವುದರಿಂದ, ನಿಮ್ಮ ವರ್ಗದ ಮಿತಿಯನ್ನು ಹಿಂದಿನ ಅಧಿಸೂಚನೆಯಲ್ಲಿ ನೋಡಿ, ಈ ಎರಡು ವರ್ಷವನ್ನೂ ಸೇರಿಸಿ ಲೆಕ್ಕ ಹಾಕಿ. ಖಾಸಗಿ ಶಾಲೆಯೂ ಆದೀತು ಎನ್ನುವುದಾದರೆ ಆ ಆತಂಕ ಬೇಡ.
– ನಿವೃತ್ತ ಉಪನ್ಯಾಸಕಿ, ಶಿವಮೊಗ್ಗ

‘ಬರುವುದೇ ಬೇಡ’ ಎನ್ನುವವರಿಗೆ ದಯವಿಟ್ಟು ಒಂದು ರೂಪಾಯಿಯನ್ನೂ ಕೊಡಬೇಡಿ. ಬಿ.ಎಡ್. ಎರಡು ವರ್ಷದ ಕೋರ್ಸು, ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ. ತರಗತಿಗೆ ಶೇ. 80, ಶಾಲಾ ಇಂಟರ್ನ್‌ಶಿಪ್‌ಗೆ ಶೇ. 90 ಹಾಜರಾತಿ ಕಡ್ಡಾಯ. ದೂರಶಿಕ್ಷಣದ ಬಿ.ಎಡ್. ಇದೆಯಲ್ಲ ಎಂದು ಕೇಳಬಹುದು. ಅದು ಈಗಾಗಲೇ ಡಿ.ಎಡ್.ನಂಥ ತರಬೇತಿ ಪಡೆದವರಿಗೆ ಮಾತ್ರ, ನಿಮಗೆ ಅನ್ವಯಿಸುವುದಿಲ್ಲ.

ತೋಟದವರು ಸಿಕ್ಕಿಬೀಳುವುದು ಇಂಟರ್ನ್‌ಶಿಪ್‌ನಲ್ಲಿ. ಎರಡನೇ ವರ್ಷ 16 ವಾರ ಶಾಲೆಯಲ್ಲೇ ಇರಬೇಕು. ವಾರಕ್ಕೆ ಆರು ದಿನದಂತೆ 96 ದಿನ; ಶೇ. 90ರ ಲೆಕ್ಕದಲ್ಲಿ ತಪ್ಪಿಸಬಹುದಾದದ್ದು ಬರೀ ಒಂಬತ್ತು ದಿನ. ಅದು ಅಡಿಕೆ ಕೊಯ್ಲಿನ ಸಮಯಕ್ಕೇ ಬಂದರೆ ಸುಲಿಯುವುದು, ಬೇಯಿಸುವುದು, ಒಣಗಿಸುವುದನ್ನೆಲ್ಲ ನಿಮ್ಮ ತಲೆಗೆ ಕಟ್ಟುವಂತಿಲ್ಲ. ಸೇರುವ ಮೊದಲೇ ಮನೆಯಲ್ಲಿ ಕೂತು ಮಾತಾಡಿ, ಆ ಕೆಲಸ ಯಾರು ನೋಡುತ್ತಾರೆಂದು ತೀರ್ಮಾನಿಸಿ. ನಡುವೆ ತೊಡಕಾದರೆ ಕೋರ್ಸು ಮುಗಿಸಲು ಸೇರಿದ ದಿನದಿಂದ ಮೂರು ವರ್ಷದ ತನಕ ಅವಕಾಶವಿದೆ.
– ಪ್ರೌಢಶಾಲಾ ಶಿಕ್ಷಕ, ಸಾಗರ

ಅಕ್ಕಾ, ದಾಖಲೆ ಈಗಲೇ ಹೊಂದಿಸಿ. ಗ್ರಾಮೀಣ ವ್ಯಾಸಂಗ ಮತ್ತು ಕನ್ನಡ ಮಾಧ್ಯಮ ಮೀಸಲಾತಿಯ ಪ್ರಮಾಣಪತ್ರಕ್ಕೆ ಒಂದರಿಂದ ಹತ್ತನೇ ತರಗತಿವರೆಗೆ ಓದಿದ ಪ್ರತಿ ಶಾಲೆಯ ಮುಖ್ಯಶಿಕ್ಷಕರ ಸಹಿ, ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಬೇಕು. ನಮ್ಮ ಕಡೆ ಮಕ್ಕಳಿಲ್ಲದೆ ಮುಚ್ಚಿದ ಶಾಲೆಗಳು ಬಹಳ. ನಿಮ್ಮದೂ ಮುಚ್ಚಿದ್ದರೆ ಹಳೆಯ ದಾಖಲಾತಿ ವಹಿ ಯಾವ ಶಾಲೆಗೆ ಹೋಗಿದೆ ಎಂದು ಬಿಇಒ ಕಚೇರಿಯಲ್ಲಿ ಕೇಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮತ್ತು ಆಧಾರ್‌ನಲ್ಲಿ ಹೆಸರು, ಇನಿಷಿಯಲ್ ಒಂದೇ ಇರಲಿ. ಮದುವೆಯಾದ ಮೇಲೆ ಆಧಾರ್‌ನಲ್ಲಿ ಹೆಸರು ಬದಲಾಗಿದ್ದರೆ ಅರ್ಜಿಗೆ ತೊಡಕಾಗಬಹುದು.

ಓಡಾಟದ್ದೂ ಯೋಚಿಸಿ. ಮಹಿಳೆಯರಿಗೆ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗಷ್ಟೇ. ಒಳಊರುಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಕಾಲೇಜು ಶಿವಮೊಗ್ಗದಲ್ಲಿ ಸಿಕ್ಕರೆ ಮಳೆಗಾಲದ ಎರಡು ತಿಂಗಳಾದರೂ ಅಲ್ಲೇ ಪೇಯಿಂಗ್ ಗೆಸ್ಟ್ ಆಗಿಯೋ ನೆಂಟರ ಮನೆಯಲ್ಲೋ ಉಳಿಯುವುದು ಒಳ್ಳೆಯದು.
– ಓದುಗ, ರಿಪ್ಪನ್‌ಪೇಟೆ

ಯಾವ ತರಗತಿಗೆ ಕಲಿಸುವ ಆಸೆ ಎಂದು ನೀವು ಬರೆದಿಲ್ಲ. 2023ರ ಆಗಸ್ಟ್‌ನಲ್ಲಿ ಬಂದ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಒಂದರಿಂದ ಐದನೇ ತರಗತಿಗೆ ಬಿ.ಎಡ್. ಅರ್ಹತೆಯಾಗುವುದಿಲ್ಲ, ಡಿ.ಎಲ್.ಎಡ್. (ಹಿಂದಿನ ಡಿ.ಎಡ್.) ಬೇಕು. ಪುಟ್ಟ ಮಕ್ಕಳೇ ಇಷ್ಟವಾದರೆ ಆ ದಾರಿ ಹಿಡಿಯಿರಿ. ಅದಕ್ಕೆ ಪಿಯುಸಿಯ ಅಂಕ ನೋಡುತ್ತಾರೆ.

ಆರರಿಂದ ಎಂಟಕ್ಕೆ ಬಿ.ಎಡ್. ಜೊತೆ ಶಿಕ್ಷಕರ ಅರ್ಹತಾ ಪರೀಕ್ಷೆಯ (ಟಿಇಟಿ) ಎರಡನೇ ಪತ್ರಿಕೆ ಪಾಸಾಗಬೇಕು. 150 ಪ್ರಶ್ನೆ, 150 ಅಂಕ: ಶಿಶು ವಿಕಸನ ಮತ್ತು ಬೋಧನಾಶಾಸ್ತ್ರ 30, ಎರಡು ಭಾಷೆಗೆ 30ರಂತೆ 60, ಸಮಾಜ ವಿಜ್ಞಾನ 60. ಸಾಮಾನ್ಯ ವರ್ಗಕ್ಕೆ 90 ಬರಬೇಕು. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ, ಹಾಗಾಗಿ ಯಾವುದನ್ನೂ ಖಾಲಿ ಬಿಡಬೇಡಿ. ಒಮ್ಮೆ ಪಾಸಾದರೆ ಜೀವನಪರ್ಯಂತ ಮಾನ್ಯ. ಬಹಳ ಜನ ಸೋಲುವುದು ಇಂಗ್ಲಿಷ್‌ನಲ್ಲಿ. ಇವತ್ತಿನಿಂದಲೇ ಆರು, ಏಳು, ಎಂಟನೇ ತರಗತಿಯ ಇಂಗ್ಲಿಷ್ ಮತ್ತು ಸಮಾಜ ಪುಸ್ತಕ ತೆಗೆಯಿರಿ. ಮಕ್ಕಳು ಓದಲು ಕೂತಾಗ ನೀವೂ ಜೊತೆಗೆ ಕೂರಿ.
– ಟಿಇಟಿ ತರಬೇತುದಾರ, ತೀರ್ಥಹಳ್ಳಿ