ನಮ್ಮೂರನ್ನು ಪಾಲಿಕೆಗೆ ಸೇರಿಸಬೇಕಾ?

ರಾಗಿಹೊಲ: ಆನೇಕಲ್ ಕಡೆಯ ನಮ್ಮ ಪಂಚಾಯಿತಿಯನ್ನು ಬೆಂಗಳೂರಿನ ಪಾಲಿಕೆಗೆ ಸೇರಿಸುತ್ತಾರೆ ಎನ್ನುವ ಮಾತು ಮತ್ತೆ ಎದ್ದಿದೆ. ಭಾನುವಾರ ಅರಳಿಕಟ್ಟೆಯಲ್ಲಿ ಕೂತು ಜಿಲ್ಲಾಧಿಕಾರಿಗೆ ಮನವಿ ಬರೆದಿದ್ದೇವೆ. ಕೇಳಿರುವುದು ಎರಡೇ. ಒಂದು, ಗ್ರಾಮಸಭೆ ಒಪ್ಪದೆ ಸೇರಿಸಬೇಡಿ. ಎರಡು, ನೀರು, ಒಳಚರಂಡಿ ಬರುವ ತನಕ ಹೊಸ ಅಪಾರ್ಟ್‌ಮೆಂಟಿಗೆ ಅನುಮತಿ ಕೊಡಬೇಡಿ. 2007ರಲ್ಲಿ ಬಿಬಿಎಂಪಿ ಮಾಡುವಾಗ 7 ನಗರಸಭೆ, ಕೆಂಗೇರಿ ಪುರಸಭೆ, ಜೊತೆಗೆ 110 ಹಳ್ಳಿ ಸೇರಿಸಿದರು. ಆ ಹಳ್ಳಿಗಳಿಗೆಂದು ಕಾವೇರಿ 5ನೇ ಹಂತದ ನೀರು ಬಿಟ್ಟದ್ದು 2024ರ ಅಕ್ಟೋಬರ್‌ನಲ್ಲಿ. 17 ವರ್ಷ! ಸಹಿ ಹಾಕುವವರು ಡೈರಿ ಹತ್ತಿರ ಬನ್ನಿ.

ಸೈಟ್ ನಂ. 42: ನೀರು ಬಂತಲ್ಲ ಅಣ್ಣ, ನೀವೇ ಹೇಳುತ್ತಿದ್ದೀರಿ. ದಿನಕ್ಕೆ 77.5 ಕೋಟಿ ಲೀಟರಿನ ಯೋಜನೆ ಅದು. ಪಂಚಾಯಿತಿಯಾಗಿಯೇ ಉಳಿದಿದ್ದರೆ ಅಷ್ಟೂ ಇರುತ್ತಿರಲಿಲ್ಲ. ನಮ್ಮ ಬೀದಿಗೆ ವಾರಕ್ಕೆ ಮೂರು ಟ್ಯಾಂಕರ್ ತರಿಸುತ್ತೇವೆ. ಕಸ ಖಾಲಿ ಸೈಟಿನಲ್ಲಿ ಉರಿಯುತ್ತದೆ. ನನ್ನ ಮಗಳಿಗೆ ಉಬ್ಬಸ. ಸೇರಿಸುವುದು ತಡವಾಯ್ತು ಅನ್ನುವುದೇ ನನ್ನ ದೂರು.

ಹಳೇ ಸದಸ್ಯೆ: "ನೀರು ಬಂತಲ್ಲ" ಎಂದು ಸುಲಭವಾಗಿ ಹೇಳಿಬಿಟ್ಟಿರಿ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಪಂಪ್ ಮಾಡಿ ತರುವ ನೀರು ಅದು. ಬೀದಿಯ ತನಕ ಪೈಪ್ ಬರುವುದು ಬೇರೆ, ಮನೆಯ ನಲ್ಲಿಗೆ ಬರುವುದು ಬೇರೆ. ಸಂಪರ್ಕಕ್ಕೆ ದುಡ್ಡು ಕಟ್ಟಬೇಕು. ಹಳೇ ಮನೆಗಳ ಮುದುಕರು ಎಲ್ಲಿಂದ ತರುತ್ತಾರೆ?

ಲೇಔಟ್ ಕಾರ್ಯದರ್ಶಿ: ದುಡ್ಡಿನ ಮಾತು ಬಂತು, ಒಳ್ಳೆಯದಾಯ್ತು. ಈಗ ಟ್ಯಾಂಕರಿನವನಿಗೆ ಕಟ್ಟುತ್ತಿರುವುದು ದುಡ್ಡಲ್ಲವಾ? ಪಂಚಾಯಿತಿಗೆ ನಾವು ಕಟ್ಟುವ ಕಂದಾಯದಲ್ಲಿ ನಮ್ಮ ಬೀದಿಗೆ ಒಂದು ದೀಪ ಬಂದಿಲ್ಲ.

ಮೇಷ್ಟ್ರು: ಸಂವಿಧಾನದ 243ಕ್ಯೂ ವಿಧಿ ನೋಡಿ. ಯಾವುದು ನಗರ ಎಂದು ತೀರ್ಮಾನಿಸುವಾಗ ಜನಸಂಖ್ಯೆ ಒಂದನ್ನೇ ನೋಡುವಂತಿಲ್ಲ. ಬೇಸಾಯ ಬಿಟ್ಟು ಬೇರೆ ಕೆಲಸದಲ್ಲಿ ಎಷ್ಟು ಜನ ಇದ್ದಾರೆ ಎಂದೂ ನೋಡಬೇಕು. ನಮ್ಮೂರಲ್ಲಿ ಇವತ್ತಿಗೂ ರಾಗಿ, ಅವರೆ, ಹೂವು ಬೆಳೆಯುತ್ತಾರೆ.

ಲೇಔಟ್ ಕಾರ್ಯದರ್ಶಿ: ಅದೇ ವಿಧಿಯಲ್ಲಿ ಜನಸಾಂದ್ರತೆ, ಸ್ಥಳೀಯ ಆದಾಯ ಎಂದೂ ಇದೆ ಮೇಷ್ಟ್ರೇ. ಅದನ್ನು ಯಾಕೆ ಬಿಟ್ಟಿರಿ? ಬೊಮ್ಮಸಂದ್ರ ಕಾರ್ಖಾನೆಗೆ ಎಷ್ಟು ಮನೆಯಿಂದ ಹುಡುಗರು ಹೋಗುತ್ತಾರೆ, ಲೆಕ್ಕ ಹಾಕಿ.

ರಾಗಿಹೊಲ: ಹುಡುಗರು ಕಾರ್ಖಾನೆಗೆ ಹೋದರೆ ಊರು ನಗರ ಆಗಿಬಿಡುತ್ತದಾ? ಊರವರ ಮಾತು ಕೇಳದೆ ಯಾರೂ ಗಡಿ ಎಳೆಯಬಾರದು. ನಿನ್ನೆ ಸೈಟು ತಗೊಂಡವರು ಇವತ್ತು ಊರಿನ ಹಣೆಬರಹ ಬರೆಯುವುದಾ?

ಸೈಟ್ ನಂ. 42: ನಿನ್ನೆ ಅಲ್ಲ ಅಣ್ಣ, 2013ರಲ್ಲಿ. ಇಲ್ಲೇ ವೋಟು ಹಾಕುತ್ತೇನೆ, ಮಗಳು ಇಲ್ಲಿನ ಶಾಲೆಗೇ ಹೋಗುತ್ತಾಳೆ. ಆ ಸೈಟು ಮಾರಿದವರು ಯಾರು? ಊರವರೇ ಅಲ್ವಾ? ಆಗ ಯಾರ ಬಾಯಲ್ಲೂ ಗ್ರಾಮಸಭೆಯ ಮಾತು ಬರಲಿಲ್ಲ.

ರಾಗಿಹೊಲ: "ಮಾರಿದವರು ಯಾರು" ಎಂದು ಕೇಳುವ ಮೊದಲು ಯಾಕೆ ಮಾರಿದರು ಎಂದು ಕೇಳಿ. ನಮ್ಮಪ್ಪ ಎರಡು ಬೋರ್ ಕೊರೆಸಿದರು. ಎರಡನೆಯದು 1,200 ಅಡಿ. ಬರೀ ಧೂಳು ಬಂತು. ತಂಗಿಯ ಮದುವೆ ಸಾಲ ತಲೆ ಮೇಲೆ. ನಾವು ಎಕರೆ ಲೆಕ್ಕದಲ್ಲಿ ಮಾರಿದೆವು, ಏಜೆಂಟ್ ನಿಮಗೆ ಚದರಡಿ ಲೆಕ್ಕದಲ್ಲಿ ಮಾರಿದ. ನಡುವಿನ ದುಡ್ಡು ನಮ್ಮ ಮನೆಗೆ ಬರಲಿಲ್ಲ.

ಮೇಷ್ಟ್ರು: 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದರು. ರೈತರಲ್ಲದವರೂ ಹೊಲ ಕೊಳ್ಳಬಹುದು ಎಂದಾಯ್ತು. ಅಲ್ಲಿಂದಲೇ ಈ ಕೆಡುಕು ಶುರು.

ಲೇಔಟ್ ಕಾರ್ಯದರ್ಶಿ: ಅವರು 2013 ಎಂದರು, ನೀವು 2020 ಎನ್ನುತ್ತೀರಿ. ಭೂಪರಿವರ್ತನೆ ಆಗದ ಹೊಲದಲ್ಲಿ ಕಲ್ಲು ನೆಟ್ಟು ಸೈಟು ಮಾಡಿದ್ದು ಕಾಯ್ದೆ ಬದಲಾಗುವ ಮುಂಚೆ. ಅದಕ್ಕೆ 11ಬಿ ನಮೂನೆಯ ಖಾತೆ ಕೊಟ್ಟದ್ದೂ ಪಂಚಾಯಿತಿಯೇ.

ಹಳೇ ಸದಸ್ಯೆ: 11ಬಿ ವಿಷಯ ಗೊತ್ತಿಲ್ಲದೆ ಮಾತಾಡಬೇಡಿ! ಸರಿಯಾದ ಅನುಮೋದನೆ ಇದ್ದರೆ 9 ಮತ್ತು 11ಎ. ಇಲ್ಲದಿದ್ದರೆ 11ಬಿ. ಕಂದಾಯ ಕಟ್ಟಿಸಿಕೊಳ್ಳುವುದಕ್ಕೆ ಇರುವ ದಾಖಲೆ ಅದು, ಹಕ್ಕುಪತ್ರ ಅಲ್ಲ. ನಾನು ಸದಸ್ಯೆ ಆಗಿದ್ದಾಗ ಪ್ರತಿ ಸಭೆಯಲ್ಲೂ ಇದನ್ನೇ ಹೇಳಿದೆ. ಅಗ್ಗದ ಸೈಟು ಎಂದು ಮುಗಿಬಿದ್ದವರು ಒಬ್ಬರಾದರೂ ಬಂದು ಕೇಳಿದಿರಾ?

ಸೈಟ್ ನಂ. 42: "ಅಗ್ಗದ ಸೈಟು" ಅಂದಿರಲ್ಲ ಅಕ್ಕ, ನಮಗೆ ಅದು ಅಗ್ಗ ಅಲ್ಲ. ಹೆಂಡತಿಯ ಬಳೆ ಮಾರಿ, ಊರಲ್ಲಿದ್ದ ಅಜ್ಜನ ಪಾಲು ಬಿಟ್ಟು ತಗೊಂಡದ್ದು. ನಿಮ್ಮಷ್ಟೇ ಕಷ್ಟಪಟ್ಟಿದ್ದೇವೆ.

ಹಳೇ ಸದಸ್ಯೆ: ನಾನು ನಿಮ್ಮ ಕಷ್ಟದ ಮಾತಾಡಲಿಲ್ಲ. ನೀವು ಬಂದು ಕೇಳಿದಿರಾ ಎಂದೆ. ಅದಕ್ಕೆ ಉತ್ತರ ಕೊಡಿ.

ಕೆರೆಯಂಚು: ಯಾರು ಮಾರಿದರು, ಯಾರು ಕೊಂಡರು, ಎಷ್ಟು ಹೊತ್ತು ಇದೇ? ಕೆರೆಯನ್ನು ಯಾರೂ ನೋಡುತ್ತಿಲ್ಲ. ಚರಂಡಿಗಿಂತ ಮೊದಲು ಕಟ್ಟಡ ಎದ್ದರೆ ಏನಾಗುತ್ತದೆ ಎಂದು ಬೆಳ್ಳಂದೂರು ಕೆರೆ ತೋರಿಸಿದೆ. 2015ರಲ್ಲಿ ನೊರೆಗೆ ಬೆಂಕಿ, 2017ರಲ್ಲಿ ಮತ್ತೆ ಬೆಂಕಿ. ನಮ್ಮ ರಾಜಕಾಲುವೆ ಈಗಲೇ ಎರಡು ಕಡೆ ಕಿರಿದಾಗಿದೆ. ಮೊನ್ನೆ ಮಳೆಗೆ ಸ್ಮಶಾನದ ದಾರಿ ಮುಳುಗಿತ್ತು.

ಲೇಔಟ್ ಕಾರ್ಯದರ್ಶಿ: ಬೆಳ್ಳಂದೂರಿನ ಮಾತು ನಮ್ಮ ಪರವಾಗಿಯೇ ಇದೆ. ದೊಡ್ಡ ಸಂಸ್ಥೆ, ದೊಡ್ಡ ದುಡ್ಡು ಇಲ್ಲದೆ ಒಳಚರಂಡಿ ಆಗಲ್ಲ.

ಕೆರೆಯಂಚು: ಆ ಕೆರೆ ಹೊತ್ತಿದಾಗ ದೊಡ್ಡ ಸಂಸ್ಥೆಯ ಒಳಗೇ ಇತ್ತು ಸಾರ್.

ರಾಗಿಹೊಲ: ದೊಡ್ಡ ಸಂಸ್ಥೆಯಲ್ಲಿ ಕೇಳುವವರು ಯಾರು? ಬಿಬಿಎಂಪಿ ಕಾರ್ಪೊರೇಟರುಗಳ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. ಐದು ವರ್ಷ ಕಳೆದರೂ ಚುನಾವಣೆ ಆಗಲಿಲ್ಲ. 2025ರಲ್ಲಿ ಅದನ್ನು ಐದು ಪಾಲಿಕೆ ಮಾಡಿ, ಮೇಲೆ ಮುಖ್ಯಮಂತ್ರಿ ಅಧ್ಯಕ್ಷರಾಗಿರುವ ಪ್ರಾಧಿಕಾರ ಕೂರಿಸಿದರು. ಇಲ್ಲಿ ನಲ್ಲಿ ಕೆಟ್ಟರೆ ಸದಸ್ಯನ ಮನೆ ಬಾಗಿಲು ತಟ್ಟಬಹುದು. ಅಲ್ಲಿ ಯಾರ ಬಾಗಿಲು?

ಸೈಟ್ ನಂ. 42: ಚುನಾವಣೆ ಎಂದಿರಿ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ ಅವಧಿ 2021ರಲ್ಲಿ ಮುಗಿದ ಮೇಲೆ ಅಲ್ಲೂ ವರ್ಷಗಟ್ಟಲೆ ಚುನಾವಣೆ ಆಗಲಿಲ್ಲ. ಹಳ್ಳಿಯ ಕಡೆ ಎಲ್ಲಾ ನೆಟ್ಟಗಿದೆ ಎನ್ನಬೇಡಿ.

ಮೇಷ್ಟ್ರು: ಗ್ರಾಮಸಭೆ ಆರು ತಿಂಗಳಿಗೊಮ್ಮೆ ಸೇರಲೇಬೇಕು ಎಂದು ಕಾಯ್ದೆ ಇದೆ. ಪಾಲಿಕೆಗೆ ಸೇರಿದ ದಿನ ಅದು ಕೈಬಿಟ್ಟು ಹೋಗುತ್ತದೆ. ಕೂಲಿಯವರ ಉದ್ಯೋಗ ಖಾತ್ರಿ ಕೆಲಸವೂ ನಿಲ್ಲುತ್ತದೆ. ಇದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ಲೇಔಟ್ ಕಾರ್ಯದರ್ಶಿ: ಗ್ರಾಮಸಭೆಗೆ ಕೊನೆಯ ಸಲ ಎಷ್ಟು ಜನ ಬಂದಿದ್ದರು, ಅದನ್ನು ಹೇಳಿ.

ಹಳೇ ಸದಸ್ಯೆ: ನೀವು ಬರಲಿಲ್ಲ, ಅಷ್ಟು ಗೊತ್ತು.

ಸೈಟ್ ನಂ. 42: ಅಣ್ಣ, ನೀರು ಬರುವ ತನಕ ಅಪಾರ್ಟ್‌ಮೆಂಟ್ ಬೇಡ ಎನ್ನುವ ಬೇಡಿಕೆಗೆ ನಮ್ಮ ಬೀದಿಯ 30 ಮನೆಯವರೂ ಸಹಿ ಹಾಕುತ್ತೇವೆ. ಮೊದಲನೆಯದಕ್ಕೆ ಹಾಕಲ್ಲ. ಬೇರೆ ಹಾಳೆ ಮಾಡಿ.

ರಾಗಿಹೊಲ: ಮನವಿ ಒಂದೇ. ಎರಡು ಮಾಡಿದರೆ ಊರಲ್ಲೇ ಒಮ್ಮತ ಇಲ್ಲ ಎಂದು ಬರೆದು ಕಡತ ಮುಚ್ಚುತ್ತಾರೆ.

ಸೈಟ್ ನಂ. 42: ಒಮ್ಮತ ಇಲ್ಲವಲ್ಲ. ನಮ್ಮ ಹಾಳೆಯನ್ನು ಸೋಮವಾರ ನಾವೇ ಕೊಡುತ್ತೇವೆ.

ರಾಗಿಹೊಲ: ನಾವು ಶುಕ್ರವಾರವೇ ಕೊಡುತ್ತೇವೆ.