ಅಪ್‌ಡೇಟ್: ಕಾಕಾನ ಎದೆನೋವಿಗೆ ಕಾರಣ ಸಿಕ್ಕಿತು

ವೈರಲ್ ನ್ಯುಮೋನಿಯಾ ವಾಸಿಯಾಗಿ ಮೂರು ವಾರದ ಮೇಲೆ ಗದಗಿನ ನಮ್ಮ ಕಾಕಾಗೆ ಒಮ್ಮೆಲೇ ಎದೆ ಚುಚ್ಚಿ ಉಸಿರು ಕಟ್ಟುತ್ತಿದೆ, ಸುಸ್ತು ಇರಬಹುದಾ ಅಂತ ಕೇಳಿದ್ದೆ. ಸುಸ್ತಲ್ಲ. ನೀವು ಹೇಳಿದಂತೆ ಅವತ್ತೇ ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು. ಎಕ್ಸ್‌ರೇಯಲ್ಲಿ ಕಂಡಿದ್ದು ನ್ಯುಮೋಥೊರಾಕ್ಸ್. ಸೋಂಕಿನಿಂದ ಸೊರಗಿದ್ದ ಶ್ವಾಸಕೋಶದಿಂದ ಗಾಳಿ ಸೋರಿ ಎದೆಗೂಡಲ್ಲಿ ತುಂಬಿಕೊಂಡು, ಶ್ವಾಸಕೋಶವನ್ನೇ ಒತ್ತಿಬಿಟ್ಟಿತ್ತು. ಅಪರೂಪ, ಆದರೂ ಆಗುತ್ತದಂತೆ. ಇದನ್ನೇ ಮೊದಲು ತೋರಿಸಿದ ಕಡೆ ಗ್ಯಾಸ್ ಅಂತ ಮಾತ್ರೆ ಕೊಟ್ಟು ಕಳಿಸಿದ್ದರು, ನನಗೆ ಇನ್ನೂ ಸಿಟ್ಟಿದೆ.

ಪಕ್ಕೆಲುಬಿನ ನಡುವೆ ಪೈಪ್ ಹಾಕಿ, ಮಂಚದ ಕೆಳಗಿನ ನೀರಿನ ಬಾಟಲಿಗೆ ಜೋಡಿಸಿದರು. ಕೆಮ್ಮಿದಾಗೆಲ್ಲ ಅದರಲ್ಲಿ ಬುಳಬುಳ ಗುಳ್ಳೆ. ಕಾಕು ರಾತ್ರಿಯೆಲ್ಲ ಅದನ್ನೇ ನೋಡುತ್ತ ಕೂತಿದ್ದರು. ಐದನೇ ದಿನ ಗುಳ್ಳೆ ನಿಂತವು. ಮತ್ತೆ ಎಕ್ಸ್‌ರೇ ನೋಡಿ ಪೈಪ್ ತೆಗೆದರು. ಡಾಕ್ಟರು ಹೇಳುವವರೆಗೆ ವಿಮಾನ ಹತ್ತುವಂತಿಲ್ಲ, ಬೀಡಿ ಪೂರ್ತಿ ಬಂದ್. ನಿನ್ನೆ ಕಾಕಾ ಎರಡು ಜೋಳದ ರೊಟ್ಟಿ ಕೇಳಿ ಹಾಕಿಸಿಕೊಂಡು ತಿಂದರು.