ಹಳೇ ಟ್ರೇಲರ್, ಸೋರುವ ರೂಫ್: ಮೆಕ್ಯಾನಿಕ್ ಅಣ್ಣನಿಗೆ ಪ್ರಶ್ನೆ

ಅಡ್ಮಿನ್: ಅಮೆರಿಕದಲ್ಲಿ ಹಳೇ ಕ್ಯಾಂಪಿಂಗ್ ಟ್ರೇಲರ್ (ಕಾರಿನ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆಯಂಥ ಗಾಡಿ) ಇಟ್ಟುಕೊಂಡಿರುವ ನಮ್ಮವರಿಗೆಲ್ಲ ನಮಸ್ಕಾರ. ಟ್ರೇಲರ್ ರಿಪೇರಿಯೇ ಕಸುಬಾಗಿರುವ ಮೆಕ್ಯಾನಿಕ್ ಅಣ್ಣ ಇವತ್ತು ಸಂಜೆ ಸಿಗುತ್ತಾರೆ. ರೂಫ್ ಸೋರುವುದರ ಬಗ್ಗೆ ಮಾತ್ರ ಕೇಳಿ.

ಡಲ್ಲಾಸ್: ಅಣ್ಣ, ಏಸಿ ಕೆಳಗೆ ನೀರು ತೊಟ್ಟಿಕ್ಕುತ್ತೆ. ಮೇಲೆ ಸುತ್ತ ಸಂದು ಮುಚ್ಚುವ ಸಿಲಿಕೋನ್ ಅಂಟು ಹಚ್ಚಲಾ?

ಮೆಕ್ಯಾನಿಕ್: ಬೇಡ. ಮಳೆ ಇಲ್ಲದ ದಿನವೂ ತೊಟ್ಟಿಕ್ಕಿದರೆ ಅದು ಏಸಿಯದೇ ನೀರು, ಅದು ಹೊರಗೆ ಹೋಗುವ ಡ್ರೈನ್ ಕಟ್ಟಿಕೊಂಡಿದೆ. ಮಳೆಗೆ ಮಾತ್ರ ಆದರೆ ಒಳಗಿನ ಕವರ್ ಬಿಚ್ಚಿ. ಏಸಿಯನ್ನು ರೂಫ್‌ಗೆ ಬಿಗಿದ ನಾಲ್ಕು ಬೋಲ್ಟ್ ಇರುತ್ತವೆ. ಸಮನಾಗಿ ಬಿಗಿ ಮಾಡಿ. ಏಸಿಗೂ ರೂಫ್‌ಗೂ ನಡುವೆ ಇರುವ ಮೆತ್ತನೆಯ ಗ್ಯಾಸ್ಕೆಟ್ ಅರ್ಧ ದಪ್ಪಕ್ಕೆ ಬಂದರೆ ನಿಲ್ಲಿಸಿ.

ಓಹಾಯೊ: ನಮ್ಮದು 1994ರದು. ಅಲ್ಯೂಮಿನಿಯಂ ಗೋಡೆ, ರಬ್ಬರ್ ರೂಫ್. ಮಕ್ಕಳು ಮಲಗುವ ಬಂಕ್ ಮೇಲಿನ ಮೂಲೆಯಲ್ಲಿ ಕಾಫಿ ಚೆಲ್ಲಿದಂಥ ಕಲೆ. ಒತ್ತಿದರೆ ಬೆರಳು ಒಳಗೆ ಹೋಗುತ್ತೆ. ಶನಿವಾರ ಮಿಶಿಗನ್‌ಗೆ ಹೊರಡಬೇಕು. ಸಂದು ಮುಚ್ಚುವ ಸೀಲೆಂಟ್ ಹಚ್ಚಿದರೆ ಸಾಕಾ?

ಮೆಕ್ಯಾನಿಕ್: ಅಕ್ಕ, ಹೊರಡಬೇಡಿ. ಬೆರಳು ಒಳಗೆ ಹೋಗುತ್ತೆ ಅಂದಿರಲ್ಲ, ಅಲ್ಲೇ ನನಗೆ ಭಯ ಆಯಿತು. ಆ ತಗಡು ಬರೀ ಅಂಗಿ. ಭಾರ ಹೊರುವುದು ಒಳಗಿನ ಮರದ ರೀಪು. ಅದು ಕೊಳೆತಿದ್ದರೆ ಹೈವೇ ಗಾಳಿಗೆ ಮೂಲೆಯೇ ಬಾಯಿ ಬಿಡಬಹುದು. ಮೊದಲು ಕರೆಂಟ್ ಕೇಬಲ್ ಕಿತ್ತು, ಬ್ಯಾಟರಿ ಬಿಚ್ಚಿ. ಮಕ್ಕಳನ್ನು ಆ ಬಂಕ್‌ಗೆ ಹತ್ತಿಸಬೇಡಿ. ಆಮೇಲೆ ಹೊರಗಡೆ ಮೂಲೆ ಉದ್ದಕ್ಕೂ ಇರುವ ಅಲ್ಯೂಮಿನಿಯಂ ಪಟ್ಟಿ ನೋಡಿ. ಅದರ ಮೇಲಿನ ಪ್ಲಾಸ್ಟಿಕ್ ಎಳೆದರೆ ಸ್ಕ್ರೂಗಳು ಕಾಣುತ್ತವೆ. ಒಂದನ್ನು ಬಿಚ್ಚಿ. ಹಿಡಿತವೇ ಇಲ್ಲದೆ ತುಕ್ಕು ಸಮೇತ ಕೈಗೆ ಬಂದರೆ ಮರ ಹೋಗಿದೆ ಅಂತಲೇ ಲೆಕ್ಕ. ಹೋದ ವರ್ಷ ಇಂಥದೇ ಒಂದು ಬಿಚ್ಚಿದ್ದೆ. ರೀಪು ಚಹಾದಲ್ಲಿ ಅದ್ದಿದ ರಸ್ಕ್ ಥರ ಉದುರಿತು. ಪಟ್ಟಿ ಹಿಂದಿನ ಪುಟ್ಟಿ ಒಣಗಿ ಬಿರಿದಿರುತ್ತೆ. ಅದನ್ನು ಕೆರೆದು, ಕೊಳೆತ ಮರ ಕತ್ತರಿಸಿ ಹೊಸದು ಕೂಡಿಸಿ, ಬ್ಯೂಟೈಲ್ ಟೇಪ್ (ನೀರು ತಡೆಯುವ ಮೆತ್ತನೆಯ ಅಂಟು ಪಟ್ಟಿ) ಇಟ್ಟು ಪಟ್ಟಿ ಮತ್ತೆ ಕೂರಿಸಬೇಕು. ಮೇಲೆ ಸುಮ್ನೆ ಸೀಲೆಂಟ್ ಸುರಿದರೆ ಒಳಗಿನ ತೇವ ಒಳಗೇ ಕೂತು ಮರ ತಿನ್ನುತ್ತೆ. ಇನ್ನೊಂದು, ಕಲೆ ಇರುವ ಕಡೆಯೇ ತೂತು ಇರಬೇಕಿಲ್ಲ. ನೀರು ರೀಪು ಹಿಡಿದು ಎಷ್ಟೋ ಅಡಿ ನಡೆದು ಬರುತ್ತೆ.

ಅಟ್ಲಾಂಟಾ: ರೂಫ್ ಮೇಲಿನ ಗಾಳಿ ಕಿಂಡಿ, ಅಂದರೆ ವೆಂಟ್ ಸುತ್ತ ಸಿಲಿಕೋನ್ ನಡೆಯುತ್ತಾ ಸರ್?

ಮೆಕ್ಯಾನಿಕ್: ಇಲ್ಲ. ಒಮ್ಮೆ ಸಿಲಿಕೋನ್ ಕೂತ ಜಾಗಕ್ಕೆ ಆಮೇಲೆ ಬೇರೇನೂ ಸರಿಯಾಗಿ ಅಂಟಲ್ಲ.

ಚಿಕಾಗೊ: ತಾನಾಗಿಯೇ ಹರಡಿ ಮಟ್ಟವಾಗುವ ಸೆಲ್ಫ್ ಲೆವೆಲಿಂಗ್ ಸೀಲೆಂಟ್ ಗೋಡೆಗೂ ಹಾಕಬಹುದಾ?

ಮೆಕ್ಯಾನಿಕ್: ಇಳಿದು ಹೋಗುತ್ತೆ. ಮಟ್ಟಸ ಜಾಗಕ್ಕೆ ಮಾತ್ರ.

ಸಿಯಾಟಲ್: ಫಾರ್ವರ್ಡ್ ಬಂದಿದ್ದು: "ಎಂಥಾ ರೂಫ್ ಆದರೂ ಡಾಂಬರು ಎರಡು ಕೋಟ್ ಹೊಡೆಯಿರಿ, 20 ವರ್ಷ ಚಿಂತೆಯಿಲ್ಲ."

ಮೆಕ್ಯಾನಿಕ್: ದಯವಿಟ್ಟು ಇದನ್ನು ಮುಂದೆ ಕಳಿಸಬೇಡಿ. ರಬ್ಬರ್ ರೂಫ್‌ಗೆ ಡಾಂಬರಿನಂಥ ಪೆಟ್ರೋಲಿಯಂ ಸರಕು ತಾಗಿದರೆ ಉಬ್ಬಿ ಏಳುತ್ತೆ. ಆಮೇಲೆ ಇಡೀ ರೂಫ್ ಬದಲಾಯಿಸಲು ನನ್ನ ಹತ್ತಿರವೇ ಬರುತ್ತೀರಿ.

ಸಿಯಾಟಲ್: ಊರಲ್ಲಿ ನಮ್ಮ ತಾತ ಶೀಟಿಗೆ ಹಚ್ಚುತ್ತಿದ್ದರು. ಒಂದು ಹನಿ ಸೋರಲಿಲ್ಲ.

ನ್ಯೂಜೆರ್ಸಿ: ತಾತನ ಶೀಟು ಗಂಟೆಗೆ 65 ಮೈಲಿ ಓಡುತ್ತಿತ್ತಾ?

ಸಿಯಾಟಲ್: ಹಿರಿಯರ ವಿಷಯ ತೆಗೆಯಬೇಡಿ.

ನ್ಯೂಜೆರ್ಸಿ: ತೆಗೆದವರು ನೀವು.

ಫೀನಿಕ್ಸ್: ಸೋರಿಕೆಗೆ ಇನ್ಶೂರೆನ್ಸ್ ಸಿಗುತ್ತಾ?

ಸಿಯಾಟಲ್: ನಾಲ್ಕು ದಿನ ಟ್ರೇಲರ್ ಇಟ್ಟುಕೊಂಡವರೆಲ್ಲ ಇಂಜಿನಿಯರ್‌ಗಳು.

ಅಡ್ಮಿನ್: ಇಬ್ಬರೂ ಸಾಕು ಮಾಡಿ.

ಸ್ಯಾಕ್ರಮೆಂಟೊ: ಅಣ್ಣ, ಸಿಲಿಕೋನ್...

ಮೆಕ್ಯಾನಿಕ್: ಮೇಲೆ ಓದಿ.

ಓಹಾಯೊ: ಅಣ್ಣ, ಸ್ಕ್ರೂ ಬಿಚ್ಚಿದೆ. ತಿರುಗಿಸುವ ಮೊದಲೇ ಬಂತು. ಹಿಂದೆಯೇ ಕಂದು ನೀರು.

ಮೆಕ್ಯಾನಿಕ್: ಇನ್ನು ಬಿಚ್ಚಬೇಡಿ. ರೂಫ್ ಹತ್ತಬೇಡಿ. ಏಣಿ ಮೇಲೆ ನಿಂತು ಟಾರ್ಪಾಲ್ ಹೊದಿಸಿ, ಗಾಳಿಗೆ ಪಟಪಟ ಹೊಡೆಯದ ಹಾಗೆ ಬಿಗಿಯಾಗಿ ಕಟ್ಟಿ, ಇಲ್ಲದಿದ್ದರೆ ಅದೇ ರಬ್ಬರನ್ನು ಉಜ್ಜಿ ಹರಿದು ಹಾಕುತ್ತೆ. ಆ ಮೂಲೆಯ ಫೋಟೋ ಒಳಗಿಂದ, ಹೊರಗಿಂದ ಎರಡೂ ಕಳಿಸಿ. ರಾತ್ರಿ ನೋಡುತ್ತೇನೆ.